ಟಪಾಲು ಚೀಲದಿಂದ ಹುಟ್ಟಿದ ವಿಮಾನ ಸಂಸ್ಥೆ

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಜುಹೂ ಕಡಲ ದಂಡೆಯನ್ನು ಕಾಣದವರು ವಿರಳ. ಆದರೆ ಭಾನುವಾರದ ಸಂಜೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಭೇಳಪುರಿ ತಿನ್ನಿಸಿ ಕರೆತರುವ ನಮ್ಮಲ್ಲಿ ಎಷ್ಟು ಮಂದಿಗೆ, ಅಲ್ಲಿಗೆ ಸಮೀಪದ ಬಯಲಿನಲ್ಲಿಯೇ ಏರ್ ಇಂಡಿಯಾ ಕಣ್ಣು ತೆರೆಯಿತೆಂಬುದು ನೆನಪಿಗೆ ಬರುತ್ತದೆ? ಅಂದು ಅಲ್ಲಿದ್ದುದು ಗರಿ ಹೊದಿಸಿದ ಒಂದು ಚಪ್ಪರ, ಎರಡು ಸಣ್ಣ ವಿಮಾನಗಳು, ಬೆರಳಿನಲ್ಲಿ ಎಣಿಸಬಹುದಾದಷ್ಟು ಜನ. ಮಳೆಗಾಲ ಬಂತೆಂದರೆ ಬಯಲೆಲ್ಲ ಕೆಸರು, ನೀರು. ಆಗ ಸಂಸಾರವನ್ನೆಲ್ಲ ಕಟ್ಟಿಕೊಂಡು ಪುಣೆಗೆ ಹೋಗಬೇಕಾಗುತ್ತಿತ್ತು.

ಈ ಸಂಸ್ಥೆ ಹುಟ್ಟಿದ್ದು ಜನರನ್ನು ಹೊರುವುದಕ್ಕಲ್ಲ, ಕಾಗದ ಹೊರುವುದಕ್ಕೆ. ೧೯೨೯ರಿಂದ ಇಂಪೀರಿಯಲ್ ಏರ್‌ವೇಸ್ ಎಂಬ ಬ್ರಿಟಿಷ್ ಕಂಪನಿಯ ವಿಮಾನಗಳು ಲಂಡನ್ನಿನ ಟಪಾಲನ್ನು ಕರಾಚಿಯವರೆಗೆ ತರುತ್ತಿದ್ದುವು. ಸಮುದ್ರ ಮರುಭೂಮಿಗಳನ್ನು ದಿನಗಳಲ್ಲಿ ದಾಟಿ ಬಂದ ಕಾಗದ, ಮುಂಬಯಿ ಮದರಾಸುಗಳಿಗೆ ಬರಬೇಕಾದರೆ ಕರಾಚಿಯಲ್ಲಿ ರೈಲು ಹಿಡಿಯಬೇಕಾಗಿತ್ತು. ಈ ಕೊರತೆಯನ್ನು ಕಂಡವರು ನೆವಿಲ್ ವಿಂಟ್ಸೆಂಟ್ ಎಂಬ ಮಾಜಿ ಸೈನಿಕ ವೈಮಾನಿಕರು. ಅವರ ಮಾತಿಗೆ ಕಿವಿಗೊಟ್ಟವರು ಜೆ. ಆರ್. ಡಿ. ಟಾಟಾ, ೧೯೨೯ರಲ್ಲಿ ಭಾರತದ ಮೊದಲನೆಯ ಸಂಖ್ಯೆಯ ವಿಮಾನ ಚಾಲಕ ಪರವಾನಗಿಯನ್ನು ಪಡೆದ ತರುಣರು. ಟಾಟಾ ಮನೆತನದ ಹಿರಿಯರನ್ನು ಒಪ್ಪಿಸಿ ಎರಡು ಲಕ್ಷ ರೂಪಾಯಿ ಬಂಡವಾಳ ಹೂಡಿಸಿ, ಟಪಾಲು ಸಾಗಿಸುವ ಕರಾರು ಮಾಡಿಕೊಂಡರು.

೧೯೩೨ನೆಯ ಇಸವಿ ಅಕ್ಟೋಬರ ೧೫ರಂದು ಟಾಟಾ ಅವರು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಒಬ್ಬರೇ ಹೊರಟರು. ಜೊತೆಗಿದ್ದುದು ಸುಮಾರು ೨೫ ಕಿಲೋ ತೂಕದ ಟಪಾಲು. ದಾರಿಯಲ್ಲಿ ಅಹಮದಾಬಾದಿನಲ್ಲಿ ಇಳಿದಾಗ ವಿಮಾನಕ್ಕೆ ಬೇಕಾದ ಪೆಟ್ರೋಲು ಡಬ್ಬಿಗಳಲ್ಲಿ ತುಂಬಿ ಎತ್ತಿನ ಗಾಡಿಯ ಮೇಲೆ ಬಂದಿತು! ಜುಹೂಗೆ ಬಂದು ಚೀಲ ಒಪ್ಪಿಸಿದ ಮೇಲೆ, ಮುಂದಿನ ಹಾದಿಯನ್ನು ವಿಂಟ್ಸೆಂಟ್ ವಹಿಸಿಕೊಂಡರು. ಆ ಹಾದಿ ಯಾವುದು? ಬಳ್ಳಾರಿಯ ಮೇಲೆ ಮದರಾಸಿಗೆ. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಮೈಸೂರಿಗೆ ಸೇರಿದ್ದು ೧೯೫೩ರಲ್ಲಿ. ಆದರೂ ಊರು ಕನ್ನಡದ ಊರೇ ಅಲ್ಲವೆ? ಈ ಸಂಸ್ಥೆಯ ಮೊದಲ ವಿಮಾನ ಟಪಾಲಿನ ಪಟ್ಟಿಯಲ್ಲಿ ಕರಾಚಿ, ಮುಂಬಯಿ, ಮದರಾಸುಗಳ ಸಾಲಿನಲ್ಲಿ ನಮ್ಮ ಬಳ್ಳಾರಿಯ ಹೆಸರೂ ಇದೆ ಎಂಬುದನ್ನು ಆ ಕಡೆಯ ಬಂಧುಗಳು ತುಸು ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.

ಮೊದಲ ವರ್ಷದ ಲೆಕ್ಕ ಹೀಗಿದೆ: ೧,೬೦,೦೦೦ ಮೈಲಿ ಹಾರಾಟ, ಸುಮಾರು ಹತ್ತು ಟನ್ನು ಟಪಾಲು, ೧೫೫ ಪ್ರಯಾಣಿಕರು, ೬೦,೦೦೦ ರೂಪಾಯಿ ಲಾಭ. ವರ್ಷಕ್ಕೆ ನೂರೈವತ್ತೈದು ಜನ! ಇಂದು ಒಂದು ವಿಮಾನದಲ್ಲಿಯೇ ಅದಕ್ಕಿಂತ ಹೆಚ್ಚು ಮಂದಿ ಕುಳಿತಿರುತ್ತಾರೆ. ಆದರೆ ಆ ಲೆಕ್ಕಕ್ಕಿಂತ ನಮಗೆ ಮುಖ್ಯವಾಗಿ ತೋರುವುದು, ಮುಂಗಾರಿನ ಕಠಿಣ ತಿಂಗಳುಗಳಲ್ಲಿಯೂ ಟಪಾಲು ಹೊತ್ತಿಗೆ ಸರಿಯಾಗಿ ತಲುಪಿತೆಂದು ಅಂದಿನ ಸರಕಾರದ ವಿಮಾನಯಾನ ಇಲಾಖೆ ತನ್ನ ವರದಿಯಲ್ಲಿ ಮೆಚ್ಚಿ ಬರೆದುದು. ರೇಡಿಯೋ ಇಲ್ಲ, ದಾರಿ ತೋರುವ ಯಂತ್ರವಿಲ್ಲ. ಕೆಳಗೆ ಕಾಣುವ ನದಿಯೋ ರೈಲು ಹಳಿಯೋ ಅವರಿಗೆ ಗುರುತು. ವಿಂಟ್ಸೆಂಟ್ ಅವರಿಗೆ ಈ ಸಂಸ್ಥೆಯ ಏಳಿಗೆಯನ್ನು ಕಾಣುವ ಭಾಗ್ಯವಿರಲಿಲ್ಲ. ೧೯೪೨ರಲ್ಲಿ ಯುದ್ಧಕಾಲದ ವಿಮಾನವೊಂದರಲ್ಲಿ ಇಂಗ್ಲೆಂಡಿನಿಂದ ಹೊರಟವರು ಮರಳಿ ಬರಲೇ ಇಲ್ಲ.

ಊರು ಬಿಟ್ಟು ಬಂದವರಿಗೆ ಟಪಾಲಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದುದರಿಂದ ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ೧೯೪೯ರ ಜನವರಿಯಲ್ಲಿ ರಾತ್ರಿ ಟಪಾಲು ವಿಮಾನಗಳು ಆರಂಭವಾದುವು. ಮುಂಬಯಿ, ಕಲಕತ್ತೆ, ದಿಲ್ಲಿ, ಮದರಾಸು ಈ ನಾಲ್ಕು ಊರುಗಳಿಂದ ನಾಲ್ಕು ವಿಮಾನಗಳು ರಾತ್ರಿ ಹೊರಟು, ದೇಶದ ನಡುಮಧ್ಯದ ನಾಗಪುರದಲ್ಲಿ ಕೂಡುತ್ತಿದ್ದುವು. ಅಲ್ಲಿ ನಡುರಾತ್ರಿಯಲ್ಲಿ ಚೀಲಗಳನ್ನು ಅದಲು ಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ತಮ್ಮ ತಮ್ಮ ಊರಿಗೆ ಮರಳುತ್ತಿದ್ದುವು. ಸಂತೆಯಲ್ಲಿ ನಾಲ್ಕು ದಿಕ್ಕಿನ ಗಾಡಿಗಳು ಕೂಡಿ ಸರಕು ಬದಲಾಯಿಸಿಕೊಂಡು ಹೋದಂತೆ. ದಿಲ್ಲಿಯಲ್ಲಿ ಸಂಜೆ ಹಾಕಿದ ಕಾಗದ ಮರುದಿನ ಮದರಾಸಿನಲ್ಲಿ! ಈ ಕೆಲಸ ಮೊದಲು ಖಾಸಗಿ ಕಂಪನಿಗಳಲ್ಲಿದ್ದು, ೧೯೫೩ರ ನಂತರ ಸರಕಾರದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಗೆ ಬಂತು. ಆ ಕಾಲದಲ್ಲಿ ದೇಶದೊಳಗೆ ಹಾರುತ್ತಿದ್ದ ಡಕೋಟಾಗಳು ಹೆಚ್ಚಾಗಿ ಯುದ್ಧದಲ್ಲಿ ದುಡಿದು ಉಳಿದವು. ಅವನ್ನು ಬಿಚ್ಚಿ, ಸರಿಪಡಿಸಿ, ನಾಗರಿಕರ ಉಪಯೋಗಕ್ಕೆ ಅಣಿಗೊಳಿಸಿದ ಕಾರ್ಖಾನೆಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಪ್ರಮುಖವಾದುದು.

ಇತ್ತ ಟಾಟಾ ಸಂಸ್ಥೆ ೧೯೪೬ರಲ್ಲಿ ಏರ್ ಇಂಡಿಯಾ ಎಂಬ ಹೆಸರು ಪಡೆದು ಸಾರ್ವಜನಿಕ ಕಂಪನಿಯಾಯಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, ೧೯೪೮ರ ಜೂನ್ ೮ರಂದು, ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ೩೫ ಪ್ರಯಾಣಿಕರೊಡನೆ ಮುಂಬಯಿಯಿಂದ ಕೈರೋ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಈ ಹೊಸ ಅಂತರರಾಷ್ಟ್ರೀಯ ಕಂಪನಿಯಲ್ಲಿ ಸರಕಾರದ ಪಾಲು ನೂರಕ್ಕೆ ೪೯.

ಒಂದು ವಿಮಾನ ಕಂಪನಿಗೆ ರಾಷ್ಟ್ರದ ಹೆಸರು ಏಕೆ ಎಂದು ವಾಚಕರು ಕೇಳಬಹುದು. ಸಮುದ್ರದಂತೆ ಆಕಾಶ ಯಾರದೂ ಅಲ್ಲವೆಂದು ನಾವು ತಿಳಿದರೆ ಅದು ತಪ್ಪು. ಪ್ರತಿಯೊಂದು ದೇಶವೂ ತನ್ನ ನೆಲದ ಮೇಲಿನ ಆಕಾಶಕ್ಕೂ ಒಡೆಯ. ೧೯೪೪ರ ಷಿಕಾಗೋ ಒಪ್ಪಂದವೂ ಇದನ್ನೇ ಹೇಳುತ್ತದೆ. ಯಾರ ವಿಮಾನ ಯಾರ ಊರಿನಲ್ಲಿ ವಾರಕ್ಕೆ ಎಷ್ಟು ಸಲ ಇಳಿಯಬೇಕೆಂಬುದನ್ನು ಎರಡು ಸರಕಾರಗಳು ಕುಳಿತು ಗೊತ್ತುಮಾಡಿಕೊಂಡು, ತಂತಮ್ಮ ಕಡೆಯ ಕಂಪನಿಯನ್ನು ಹೆಸರಿಸುತ್ತವೆ. ನಮ್ಮ ದೇಶದ ವಿಮಾನಗಳ ಮೇಲೆ ‘ವಿ.ಟಿ.’ ಎಂಬ ಅಕ್ಷರಗಳಿರುವುದನ್ನು ಕೆಲವರು ಗಮನಿಸಿರಬಹುದು. ಅದು ಭಾರತದ ಗುರುತು. ಮುಂಬಯಿಯ ಹಳಬರಾದ ನಮಗಂತೂ ಆ ಅಕ್ಷರ ಕಂಡರೆ ಬೋರಿಬಂದರದ ರೈಲು ನಿಲ್ದಾಣವೇ ಕಣ್ಣಿಗೆ ಕಟ್ಟುತ್ತದೆ!

೧೯೫೩ರಲ್ಲಿ ಸರಕಾರ ವಿಮಾನ ಕಂಪನಿಗಳನ್ನೆಲ್ಲ ರಾಷ್ಟ್ರೀಕರಿಸಿತು. ದೇಶದೊಳಗಿನ ಹಾರಾಟಕ್ಕೆ ಇಂಡಿಯನ್ ಏರ್‌ಲೈನ್ಸ್, ಹೊರದೇಶಗಳಿಗೆ ಏರ್ ಇಂಡಿಯಾ. ಈ ಕ್ರಮ ಟಾಟಾ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಆದರೂ ತಾವೇ ಕಟ್ಟಿದ ಮನೆ ಕೈಬಿಟ್ಟುಹೋದ ಮೇಲೆ, ಅದೇ ಮನೆಯ ಪಾರುಪತ್ಯವನ್ನು ಸಂಬಳವಿಲ್ಲದೆ ೨೫ ವರ್ಷ ನಡೆಸಿದರು. ಇದು ಸಾಮಾನ್ಯವಾದ ಮಾತಲ್ಲ. ಪ್ರಯಾಣಿಕನಾಗಿ ಕುಳಿತಾಗಲೂ ಅವರ ಕಣ್ಣು ಸುಮ್ಮನಿರುತ್ತಿರಲಿಲ್ಲ. ಪರದೆಯ ಬಣ್ಣ, ಶೌಚಾಲಯದ ಶುಚಿ, ಸಿಬ್ಬಂದಿಯ ಉಡುಪು ಎಲ್ಲವನ್ನೂ ಗುರುತು ಹಾಕಿಕೊಂಡು ಅಧಿಕಾರಿಗಳಿಗೆ ಬರೆಯುತ್ತಿದ್ದರು. ವಿಮಾನದಲ್ಲಿ ಕೊಡುವ ಚಹಾ ಯಾವುದು, ಕಾಫಿ ಯಾವುದು ಎಂದು ಬಣ್ಣ ನೋಡಿ ಹೇಳುವಂತಿಲ್ಲವೆಂದು ಅವರು ದೂರಿದುದುಂಟು. ಕಾಫಿಯ ವಿಷಯದಲ್ಲಿ ನಮ್ಮ ಮೈಸೂರು ಕಡೆಯ ಗೃಹಿಣಿಯರಾದರೂ ಇದಕ್ಕಿಂತ ಬಿಗಿಯಾಗಿ ಪರೀಕ್ಷೆ ಮಾಡಲಾರರು.

ಆ ಶ್ರದ್ಧೆಯ ಫಲವೂ ಕಂಡಿತು. ೧೯೬೦ರಲ್ಲಿ ಜೆಟ್ ವಿಮಾನ ಬಂದು ನ್ಯೂಯಾರ್ಕಿನವರೆಗೂ ಹಾರಾಟ ಬೆಳೆಯಿತು. ೧೯೬೨ರ ಹೊತ್ತಿಗೆ ಜೆಟ್ ವಿಮಾನಗಳನ್ನು ಮಾತ್ರ ಹಾರಿಸುವ ಜಗತ್ತಿನ ಮೊದಲ ಸಂಸ್ಥೆ ಎನಿಸಿಕೊಂಡಿತು. ಬಾಬಿ ಕೂಕಾ ಅವರ ಕಲ್ಪನೆಯಲ್ಲಿ ಮೂಡಿ, ಉಮೇಶ್ ರಾವ್ ಅವರ ಕುಂಚದಿಂದ ೧೯೪೬ರಲ್ಲಿ ಹೊರಬಂದ ದಪ್ಪ ಮೀಸೆಯ ಮಹಾರಾಜ ದೇಶದೇಶಗಳಲ್ಲಿ ಬಾಗಿ ನಮಸ್ಕರಿಸಿದ. ೧೯೬೭ರಲ್ಲಿ ಸ್ಪೇನಿನ ಪ್ರಸಿದ್ಧ ಚಿತ್ರಕಾರ ಸಾಲ್ವಡೋರ್ ಡಾಲಿ ಈ ಸಂಸ್ಥೆಗಾಗಿ ಹಂಸ, ಆನೆಗಳನ್ನು ಬೆಸೆದ ಪಿಂಗಾಣಿಯ ಬೂದಿತಟ್ಟೆಯೊಂದನ್ನು ರೂಪಿಸಿಕೊಟ್ಟು, ಪ್ರತಿಫಲವಾಗಿ ಹಣ ಬೇಡ, ಆನೆಮರಿ ಕೊಡಿ ಎಂದನಂತೆ. ಮರಿ ಹೋದದ್ದು ಬೆಂಗಳೂರಿನಿಂದ! ಮಾವುತನೊಡನೆ ವಿಮಾನ ಹತ್ತಿ ಜಿನೀವಾದಲ್ಲಿ ಇಳಿಯಿತು. ಆ ಮರಿಗೆ ಅಲ್ಲಿನ ಚಳಿ ಹೇಗೆ ಹಿಡಿಸಿತೋ!

ಈ ವೈಭವದ ಜೊತೆಗೆ ದುಃಖದ ಪುಟಗಳೂ ಇವೆ. ಲಂಡನ್ನಿಗೆ ಮೊದಲು ಹೋದ ಅದೇ ಮಲಬಾರ್ ಪ್ರಿನ್ಸೆಸ್ ೧೯೫೦ರ ನವೆಂಬರಿನಲ್ಲಿ ಆಲ್ಪ್ಸ್ ಪರ್ವತದ ಮೋಂಟ್ ಬ್ಲಾಂಕ್ ಶಿಖರಕ್ಕೆ ಬಡಿದು ೪೮ ಜನ ಅಳಿದರು. ಅವರಲ್ಲಿ ಹೆಚ್ಚಿನವರು ಹಡಗಿನ ಕೆಲಸಕ್ಕೆಂದು ಹೊರಟಿದ್ದ ಭಾರತೀಯ ನಾವಿಕರು. ೧೯೬೬ರ ಜನವರಿ ೨೪ರಂದು ‘ಕಾಂಚನಜಂಗಾ’ ವಿಮಾನವೂ ಅದೇ ಪರ್ವತದಲ್ಲಿ ೧೧೭ ಜನರೊಡನೆ ನಾಶವಾಯಿತು. ವಿಜ್ಞಾನಿ ಹೋಮಿ ಭಾಭಾ ಅದರಲ್ಲಿದ್ದರು. ನಲವತ್ತಾರು ವರ್ಷಗಳ ನಂತರ, ೨೦೧೨ರಲ್ಲಿ, ಕರಗುತ್ತಿದ್ದ ಹಿಮದೊಳಗಿಂದ ಆ ವಿಮಾನದ ಟಪಾಲು ಚೀಲವೊಂದು ಹೊರಬಂದಿತು. ಅದು ನಮ್ಮ ವಿದೇಶಾಂಗ ಇಲಾಖೆಯ ಚೀಲ. ಪ್ಯಾರಿಸಿನ ನಮ್ಮ ರಾಯಭಾರ ಕಚೇರಿಗೆ ಅದನ್ನು ಒಪ್ಪಿಸಿದರು. ೨೦೨೦ರಲ್ಲಿ ದೊರೆತ ವೃತ್ತಪತ್ರಿಕೆಗಳಲ್ಲಿ, ಇಂದಿರಾ ಗಾಂಧಿಯವರು ಪ್ರಧಾನಿಯಾದ ಸುದ್ದಿ ಓದುವಂತೆಯೇ ಇದ್ದಿತು.

೧೯೭೮ರ ಹೊಸ ವರ್ಷದ ದಿನ ‘ಎಂಪರರ್ ಅಶೋಕ’ ಎಂಬ ಜಂಬೋ ವಿಮಾನ ಬಾಂದ್ರಾದ ಆಚೆ ಕಡಲಿಗೆ ಬಿದ್ದು ೨೧೩ ಮಂದಿ ಮಡಿದರು. ಮರುತಿಂಗಳು ಅಂದಿನ ಸರಕಾರ ಟಾಟಾ ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿತು. ೧೯೮೫ರಲ್ಲಿ ‘ಕನಿಷ್ಕ’ದೊಳಗೆ ದುಷ್ಟರು ಇಟ್ಟ ಬಾಂಬಿಗೆ ೩೨೯ ಜನ ಬಲಿಯಾದರು.

ಸರಕಾರದ ಒಡೆತನದಿಂದ ಏನು ಬಂತೆಂದು ಕೇಳುವವರಿಗೆ ೧೯೯೦ನೆಯ ವರ್ಷವನ್ನು ನೆನಪಿಸಬೇಕು. ಆ ಆಗಸ್ಟಿನಲ್ಲಿ ಇರಾಕ್ ಸೇನೆ ಕುವೈತನ್ನು ಆಕ್ರಮಿಸಿಕೊಂಡಿತು. ಅಲ್ಲಿ ದುಡಿಯುತ್ತಿದ್ದ ಭಾರತೀಯರು ಲಕ್ಷಕ್ಕೂ ಮಿಕ್ಕಿ. ಮಂಗಳೂರು, ಉಡುಪಿಗಳ ಕಡೆಯ ನಮ್ಮವರೂ ಅವರಲ್ಲಿದ್ದರು. ಕೈಯಲ್ಲಿದ್ದ ದೀನಾರಿಗೆ ಬೆಲೆಯಿಲ್ಲ, ಬ್ಯಾಂಕಿನ ಬಾಗಿಲು ಮುಚ್ಚಿದೆ. ಬಸ್ಸುಗಳಲ್ಲಿ ಮರುಭೂಮಿ ದಾಟಿ, ಜೋರ್ಡಾನಿನ ಗುಡಾರಗಳಲ್ಲಿ ಕಾದು ಕುಳಿತ ಇವರನ್ನು ಅಮ್ಮಾನಿನಿಂದ ಎತ್ತಿಕೊಂಡು ಬಂದವು ಏರ್ ಇಂಡಿಯಾದ ವಿಮಾನಗಳು. ಸುಮಾರು ಎರಡು ತಿಂಗಳಲ್ಲಿ ೪೮೮ ಹಾರಾಟ, ಒಂದು ಲಕ್ಷಕ್ಕೂ ಹೆಚ್ಚು ಜನ. ಉಟ್ಟ ಬಟ್ಟೆಯಲ್ಲಿ ಮುಂಬಯಿಗೆ ಬಂದಿಳಿದು, ಇಲ್ಲಿಯ ಭಾವನ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಎರಡು ದಿನ ಕಳೆದು, ಮಂಗಳೂರಿನ ಬಸ್ಸು ಹತ್ತಿದವರನ್ನು ಕಂಡ ಸಂಸಾರಗಳು ನಮ್ಮ ನಡುವೆ ಇವೆ. ಟಿಕೇಟಿನ ಲಾಭ ನಷ್ಟ ನೋಡುವ ಕಂಪನಿಗೆ ಈ ಕೆಲಸ ಹೇಳಿದ್ದರೆ ಆದೀತೆಂದು ನಮಗೆ ತೋರುವುದಿಲ್ಲ.

ಆದರೆ ಅದೇ ಒಡೆತನದಲ್ಲಿ ಮನೆಯೂ ಸೊರಗಿತು. ಹೊಸ ವಿಮಾನ ಕಂಪನಿಗಳು ಬಂದವು. ಇಲ್ಲಿ ಒಂದೊಂದು ತೀರ್ಮಾನಕ್ಕೂ ಕಡತ ಮೇಜಿನಿಂದ ಮೇಜಿಗೆ ಹೋಗಬೇಕು. ೨೦೦೫–೦೬ರಲ್ಲಿ ಎರಡು ಸರಕಾರಿ ಸಂಸ್ಥೆಗಳೂ ಸೇರಿ ೧೧೧ ವಿಮಾನಗಳಿಗೆ ಬೇಡಿಕೆ ಕೊಟ್ಟವು. ೨೦೦೭ರಲ್ಲಿ ಎರಡನ್ನೂ ಒಂದುಗೂಡಿಸಲಾಯಿತು. ಸಾಲದ ಮೇಲೆ ಸಾಲ ಬೆಳೆಯಿತು. ೨೦೨೧ರಲ್ಲಿ ಮಾರಾಟಕ್ಕೆ ಇಟ್ಟಾಗ ಸಾಲ ೬೧,೫೬೨ ಕೋಟಿ ರೂಪಾಯಿ. ಟಾಟಾ ಸಂಸ್ಥೆ ೧೮,೦೦೦ ಕೋಟಿಗೆ ಕೊಂಡಿತು. ಅದರಲ್ಲಿ ೧೫,೩೦೦ ಕೋಟಿ ಹೊತ್ತುಕೊಂಡ ಸಾಲ, ೨,೭೦೦ ಕೋಟಿ ನಗದು. ಉಳಿದ ೪೬,೨೬೨ ಕೋಟಿ ಸಾಲ ಸರಕಾರದ, ಎಂದರೆ ನಮ್ಮ ನಿಮ್ಮ ತಲೆಯ ಮೇಲೆಯೇ ಉಳಿಯಿತು. ೨೦೨೨ರ ಜನವರಿ ೨೭ರಂದು ಸಂಸ್ಥೆ ತವರಿಗೆ ಮರಳಿತು. ಮಗಳು ತವರಿಗೆ ಬಂದಂತೆ ಎಂದು ಹಲವರು ಸಂತೋಷಪಟ್ಟರು. ಮಗಳು ತಂದ ಸಾಲದ ಮಾತನ್ನು ಮಾತ್ರ ಆ ಸಡಗರದಲ್ಲಿ ಆಡಿದವರು ಕಡಿಮೆ.

ಹೊಸ ಒಡೆಯರು ೨೦೨೩ರಲ್ಲಿ ೪೭೦ ವಿಮಾನಗಳಿಗೆ ಬೇಡಿಕೆ ಕೊಟ್ಟರು; ಮರುವರ್ಷ ವಿಸ್ತಾರಾ ಕಂಪನಿಯನ್ನೂ ಇದರಲ್ಲಿ ಸೇರಿಸಿದರು. ವಿಮಾನ ಕೊಳ್ಳುವುದು ಹಣವಿದ್ದರೆ ಆಗುವ ಕೆಲಸ. ಅದನ್ನು ದಿನ ದಿನವೂ ಒರೆಸಿ, ಬಿಗಿದು, ಪರೀಕ್ಷಿಸಿ ಹಾರಿಸುವುದು ಬೇರೆಯೇ ಕೆಲಸ. ೨೦೧೦ರ ಮೇ ೨೨ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ಗುಡ್ಡದಿಂದ ಜಾರಿ ೧೫೮ ಮಂದಿ ಸತ್ತಾಗ ಒಡೆತನ ಸರಕಾರದ್ದು. ೨೦೨೫ರ ಜೂನ್ ೧೨ರಂದು ಲಂಡನ್ನಿಗೆ ಹೊರಟ ವಿಮಾನ ಏರಿದ ಕ್ಷಣದಲ್ಲಿಯೇ ವೈದ್ಯಕೀಯ ವಿದ್ಯಾರ್ಥಿಗಳ ವಸತಿಗೃಹದ ಮೇಲೆ ಬಿದ್ದು, ನೆಲದ ಮೇಲಿದ್ದವರೂ ಸೇರಿ ೨೬೦ ಮಂದಿ ಮಡಿದಾಗ ಒಡೆತನ ಟಾಟಾ ಅವರದು. ಒಳಗಿದ್ದ ೨೪೨ ಜನರಲ್ಲಿ ಬದುಕಿ ಹೊರಬಂದವನು ಒಬ್ಬನೇ. ಊರು ಅಹಮದಾಬಾದು, ತೊಂಬತ್ತಮೂರು ವರ್ಷಗಳ ಹಿಂದೆ ಇದೇ ಸಂಸ್ಥೆಯ ಮೊದಲ ವಿಮಾನ ಎತ್ತಿನ ಗಾಡಿಯ ಪೆಟ್ರೋಲಿಗಾಗಿ ಕಾದು ನಿಂತ ಊರು.