ನಿಂಬೆ ಹೋಳು ಬೋರಲಾಗಿರಲಿ

ನಿಂಬೆಹಣ್ಣು ಹಿಂಡುವ ಇಕ್ಕಳ ಈಗ ಹೆಚ್ಚುಕಡಿಮೆ ಎಲ್ಲರ ಅಡುಗೆಮನೆಯಲ್ಲೂ ಇದೆ. ಅದರಲ್ಲಿ ಹೋಳನ್ನು ಅಂಗಾತ ಇಟ್ಟು ಹಿಂಡುವವರೇ ಬಹಳ. ಬಟ್ಟಲೂ ಗುಂಡಗೆ, ಹೋಳಿನ ಬೆನ್ನೂ ಗುಂಡಗೆ. ಒಂದರೊಳಗೊಂದು ಹೇಳಿ ಮಾಡಿಸಿದಂತೆ ಕೂರುತ್ತವೆ. ಹಾಗಾಗಿ ಅದೇ ಸರಿ ಅನ್ನಿಸುವುದು ಸಹಜ. ಆದರೆ ಕೊಯ್ದ ಮುಖ ಕೆಳಗೆ, ತೂತುಗಳ ಕಡೆಗೆ ಇರಬೇಕು, ಬೆನ್ನು ಮೇಲಿರಬೇಕು. ಹೋಳನ್ನು ಬೋರಲು ಹಾಕಿದರೆ ರಸ ಎಲ್ಲೆಂದರಲ್ಲಿ ಸಿಡಿಯುವುದಿಲ್ಲ, ಶರಬತ್ತಿನ ರುಚಿಯೂ ಸುಧಾರಿಸುತ್ತದೆ. ಯಾಕೆ ಎಂದು ತಿಳಿಯಲು ಹಣ್ಣನ್ನೂ ಇಕ್ಕಳವನ್ನೂ ಒಟ್ಟಿಗೆ ನೋಡಬೇಕು.

ನಾವು ಶರಬತ್ತಿಗೆ ಬಳಸುವುದು ಹೆಚ್ಚಾಗಿ ತೆಳು ಸಿಪ್ಪೆಯ ಕಾಗ್ಜಿ ನಿಂಬೆ. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ತೋಟಗಳಲ್ಲಿ ಬೆಳೆಯುವ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಲಿಂಬೆ ಈ ಬಗೆಯದೇ. ಒಂದು ಹಣ್ಣನ್ನು ತೊಟ್ಟಿನಿಂದ ತುದಿಗೆ ಉದ್ದಕ್ಕೆ ಸೀಳದೆ, ನಡುವೆ ಅಡ್ಡಲಾಗಿ ಕೊಯ್ದು ಬೆಳಕಿಗೆ ಹಿಡಿಯಿರಿ. ಅಡ್ಡಕ್ಕೆ ಕೊಯ್ದಾಗ ಎಲ್ಲ ತೊಳೆಗಳ ಬಾಯಿಯೂ ತೆರೆದುಕೊಳ್ಳುತ್ತದೆ. ಉದ್ದಕ್ಕೆ ಸೀಳಿದರೆ ಕೆಲವು ತೊಳೆಗಳು ಪೊರೆಯೊಳಗೆ ಮುಚ್ಚಿಕೊಂಡೇ ಉಳಿಯುತ್ತವೆ. ಸಿಪ್ಪೆಯ ಹೊರಪದರದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆ ಗ್ರಂಥಿಗಳು, ನಿಂಬೆಯ ಘಮ ಅಲ್ಲಿದೆ. ಅದರ ಒಳಗಡೆ ತೆಳುವಾದ ಬಿಳಿ ಪದರ, ಆಮೇಲೆ ತೊಳೆಗಳು. ಒಂದೊಂದು ತೊಳೆಯಲ್ಲೂ ಒತ್ತಾಗಿ ಜೋಡಿಸಿದ ಪುಟ್ಟ ರಸದ ಚೀಲಗಳಿವೆ. ಹುಳಿ ಇರುವುದು ಈ ಚೀಲಗಳಲ್ಲಿ. ಕಹಿ ಇರುವುದು ಮುಖ್ಯವಾಗಿ ಬೀಜದಲ್ಲಿ, ಬಿಳಿ ಪದರದಲ್ಲಿ, ತೊಳೆಯ ಪೊರೆಯಲ್ಲಿ. ಹೀಗೆ ಘಮ, ಹುಳಿ, ಕಹಿ ಮೂರನ್ನೂ ಹಣ್ಣು ಬೇರೆ ಬೇರೆ ಇಟ್ಟುಕೊಂಡಿರುತ್ತದೆ. ಹುಳಿಯನ್ನು ಪೂರ್ತಿ ತೆಗೆದುಕೊಂಡು, ಘಮವನ್ನು ಸ್ವಲ್ಪವೇ ಸೇರಿಸಿಕೊಂಡು, ಕಹಿಯನ್ನು ಇದ್ದಲ್ಲೇ ಬಿಟ್ಟರೆ ಒಳ್ಳೆಯ ಶರಬತ್ತು ಆಗುತ್ತದೆ.

ಇನ್ನು ಇಕ್ಕಳ. ಇದು ನಮ್ಮ ಅಡಕತ್ತರಿಯ ಹಾಗೆ ಎರಡನೇ ದರ್ಜೆಯ ಸನ್ನೆ: ಒಂದು ತುದಿಯಲ್ಲಿ ಕೀಲು, ಇನ್ನೊಂದು ತುದಿಯಲ್ಲಿ ನಮ್ಮ ಕೈ, ನಡುವೆ ಒತ್ತಬೇಕಾದ ವಸ್ತು. ಕೀಲಿನಿಂದ ಬಟ್ಟಲಿನ ನಡುಮಧ್ಯಕ್ಕೆ 4 ಸೆಂಟಿಮೀಟರ್, ಕೀಲಿನಿಂದ ಹಿಡಿಗೆ 16 ಸೆಂಟಿಮೀಟರ್ ದೂರವಿದೆ ಎಂದುಕೊಳ್ಳಿ. ಆಗ ಕೈ ಹಾಕಿದ ಬಲ ಹೋಳಿನ ಮೇಲೆ ನಾಲ್ಕು ಪಟ್ಟಾಗುತ್ತದೆ. 10 ಕಿಲೋ ತೂಕದಷ್ಟು ಒತ್ತಿದರೆ ಹೋಳಿನ ಮೇಲೆ 40 ಕಿಲೋ ತೂಕ ಬಿದ್ದ ಹಾಗೆ. ಬೆರಳಲ್ಲಿ ಶಕ್ತಿಯಿಲ್ಲದ ಅಜ್ಜಿಯೂ ಸಣ್ಣ ಮಗುವೂ ಸಲೀಸಾಗಿ ರಸ ತೆಗೆಯಬಹುದಾದದ್ದು ಇದರಿಂದ. 1896ರಲ್ಲಿ ಅಮೆರಿಕದ ಕಪ್ಪು ಜನಾಂಗದ ಸಂಶೋಧಕ ಜಾನ್ ಥಾಮಸ್ ವೈಟ್ ನಿಂಬೆ ಹಿಂಡುವ ಸಾಧನವೊಂದಕ್ಕೆ ಪೇಟೆಂಟ್ ಪಡೆದರು. ಅಡುಗೆಮನೆಯ ಈ ಸಣ್ಣ ಕೆಲಸಕ್ಕೆ ಅಂದಿನಿಂದಲೂ ಜನ ತಲೆ ಓಡಿಸುತ್ತಲೇ ಬಂದಿದ್ದಾರೆ.

ಈಗ ಹೋಳನ್ನು ಬೋರಲು ಹಾಕಿ ನಿಧಾನವಾಗಿ ಒತ್ತಿ ನೋಡಿ. ಇಕ್ಕಳದ ಮೇಲ್ಭಾಗದ ಉಬ್ಬು ಸಿಪ್ಪೆಯ ಬೆನ್ನಿಗೆ ತಾಗಿ, ಹೋಳು ಒಳಹೊರಗಾಗಿ ಮಗುಚಿಕೊಳ್ಳುತ್ತದೆ. ಚೀಲಗಳು ಕೊಯ್ದ ಮುಖದ ಕಡೆಗೇ ಒಡೆಯುತ್ತವೆ. ರಸ ನೇರವಾಗಿ ತೂತುಗಳಿಂದ ಇಳಿಯುತ್ತದೆ, ಬೀಜ ಬಟ್ಟಲಲ್ಲೇ ನಿಲ್ಲುತ್ತದೆ. ಇದನ್ನೇ ಅಂಗಾತ ಇಟ್ಟು ಒತ್ತಿದರೆ ತೂತುಗಳನ್ನು ಸಿಪ್ಪೆಯೇ ಮುಚ್ಚಿಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ರಸ ಅಂಚಿನಿಂದ ಮೇಲಕ್ಕೆ ಚಿಮ್ಮುತ್ತದೆ, ಉಳಿದದ್ದು ಸಿಪ್ಪೆಯ ಹೊರಮೈಯನ್ನು ತೊಳೆದುಕೊಂಡು ಲೋಟಕ್ಕೆ ಬರುತ್ತದೆ. ಸಿಪ್ಪೆಯ ಎಣ್ಣೆಯೂ ಕೊಳೆಯೂ ಅದರ ಜೊತೆಗೇ ಬರುತ್ತವೆ.

ಆ ಎಣ್ಣೆಯ ರಭಸವನ್ನು ಕಣ್ಣಾರೆ ನೋಡಬೇಕಾದರೆ ಸಿಪ್ಪೆಯ ಚೂರೊಂದನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಹೊರಮೈ ಆಚೆಗಿರುವಂತೆ ಮಡಚಿ. ಮಂಜಿನಂಥ ತುಂತುರು ಹಾರುತ್ತದೆ. ಸಿಟ್ರಸ್ ಸಿಪ್ಪೆಗಳ ಈ ಚಿಮ್ಮುವಿಕೆಯನ್ನು ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2018ರಲ್ಲಿ ವರದಿ ಮಾಡಿದರು. ಕೂದಲೆಳೆಯಂಥ ಆ ಎಣ್ಣೆಧಾರೆಗಳ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಒಂದೆರಡು ಹನಿ ಎಣ್ಣೆ ಶರಬತ್ತಿಗೆ ಘಮ ಕೊಡುತ್ತದೆ, ಹೆಚ್ಚಾದರೆ ನಾಲಿಗೆ ಚುರುಗುಟ್ಟುತ್ತದೆ. ಚರ್ಮದ ವಿಷಯದಲ್ಲೂ ಎಚ್ಚರ ಬೇಕು. ನಿಂಬೆ ಸಿಪ್ಪೆಯಲ್ಲಿರುವ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳು ಕೈಗೆ ಅಂಟಿದಾಗ ಬಿಸಿಲು ಬಿದ್ದರೆ, ಸುಟ್ಟಂಥ ಬೊಕ್ಕೆಗಳೂ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆಗಳೂ ಆಗಬಹುದು. ಬೇಸಿಗೆಯಲ್ಲಿ ಅಂಗಳದಲ್ಲೋ ಪಿಕ್‌ನಿಕ್‌ನಲ್ಲೋ ಹಣ್ಣು ಹಿಂಡಿದವರು, ಅದರಲ್ಲೂ ಮಕ್ಕಳು, ತಕ್ಷಣ ಸೋಪು ಹಾಕಿ ಕೈ ತೊಳೆಯಲೇಬೇಕು.

ಇಕ್ಕಳಕ್ಕಿರುವ ಬಲದಿಂದ ಒಂದು ತೊಂದರೆಯೂ ಇದೆ. ರಸ ನಿಂತ ಮೇಲೂ ಮತ್ತೆ ಮತ್ತೆ ಒತ್ತಿದರೆ ಬಿಳಿ ಪದರವೂ ಬೀಜವೂ ಜಜ್ಜಿಹೋಗುತ್ತವೆ. ಅಲ್ಲಿಂದ ಬರುವ ಕಹಿಯಲ್ಲಿ ಮುಖ್ಯವಾದದ್ದು ಲಿಮೊನಿನ್. ಇದರ ನಡತೆ ವಿಚಿತ್ರ. ಹಣ್ಣಿನ ಅಂಗಾಂಶದಲ್ಲಿ ಇದರ ಪೂರ್ವರೂಪಕ್ಕೆ ರುಚಿಯೇ ಇಲ್ಲ. ಹಿಂಡಿದಾಗ ಅದು ಹುಳಿ ರಸದ ಜೊತೆ ಬೆರೆತು, ಆಮ್ಲದ ನಡುವೆ ನಿಧಾನವಾಗಿ ಕಹಿಯಾದ ಲಿಮೊನಿನ್ ಆಗಿ ಬದಲಾಗುತ್ತದೆ. ಹಿಂಡಿದ ಕೂಡಲೇ ಚೆನ್ನಾಗಿದ್ದ ರಸ ಕೆಲವು ಗಂಟೆ ಕಳೆದ ಮೇಲೆ ಕಹಿ ಅನ್ನಿಸಲು ಇದೊಂದು ದೊಡ್ಡ ಕಾರಣ. ಬೆಳಿಗ್ಗೆಯೇ ಮಾಡಿಟ್ಟ ಶರಬತ್ತನ್ನು ಸಂಜೆ ಸಕ್ಕರೆ ಸುರಿದು ಸರಿಮಾಡಲು ಹೋದರೆ ಅದು ಸಿಹಿಯಾಗುತ್ತದೆಯೇ ಹೊರತು ತಾಜಾ ಆಗುವುದಿಲ್ಲ.

ತುಸು ಕಹಿ ರಸಕ್ಕೆ ಇಳಿದಿದ್ದರೆ ಚಿಟಿಕೆ ಉಪ್ಪು ನೆರವಿಗೆ ಬರುತ್ತದೆ. ಅಮೆರಿಕದ ಮೊನೆಲ್ ಕೇಂದ್ರದ ಸಂಶೋಧಕರಾದ ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬ್ಯೂಚಾಂಪ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಉಪ್ಪು ಕಹಿಯನ್ನು ಹತ್ತಿಕ್ಕುತ್ತದೆ. ಕಹಿ ತಗ್ಗಿದಾಗ ಅದರಡಿ ಮುಚ್ಚಿಹೋಗಿದ್ದ ಸಿಹಿ ಮೇಲೇಳುತ್ತದೆ. ಶರಬತ್ತಿಗೆ ಉಪ್ಪು ಹಾಕುವ ನಮ್ಮ ಮನೆಗಳ ರೂಢಿಗೆ ಇಲ್ಲಿ ಒಳ್ಳೆಯ ಸಮರ್ಥನೆಯಿದೆ. ತಣ್ಣಗಿನದು ನಾಲಿಗೆಯ ಸಿಹಿಯರಿವನ್ನು ತಗ್ಗಿಸುತ್ತದೆ ಎಂಬುದನ್ನೂ ನೆನಪಿಡಬೇಕು. ಐಸ್ ಹಾಕುವ ಮೊದಲು ನಾಲಿಗೆಗೆ ಹದವಾಗಿದ್ದ ಸಿಹಿ, ಹಾಕಿದ ಮೇಲೆ ಸಪ್ಪೆ ಅನ್ನಿಸುವುದು ಇದಕ್ಕೇ. ಸಕ್ಕರೆಯೇನೋ ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಆದರೆ ನೀರು ತಣ್ಣಗಾದಷ್ಟೂ ಕರಗುವ ವೇಗ ಕುಂದುತ್ತದೆ, ಆದ್ದರಿಂದ ಐಸ್ ನೀರಿಗೆ ಹಾಕಿದ ಸಕ್ಕರೆ ತಳದಲ್ಲೇ ಕೂರುತ್ತದೆ.

ಇಷ್ಟು ತಿಳಿದ ಮೇಲೆ ಇಬ್ಬರಿಗೆ ಶರಬತ್ತು ಮಾಡುವ ಕ್ರಮ ತಾನಾಗಿಯೇ ಸಿದ್ಧವಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಎರಡು ಹಣ್ಣುಗಳನ್ನು ತೊಳೆದು, ಚಳಿ ಬಿಡಲು ಸ್ವಲ್ಪ ಹೊತ್ತು ಹೊರಗಿಡಿ. ಅಷ್ಟರಲ್ಲಿ ಅರ್ಧ ಲೀಟರ್ ಸಾದಾ ನೀರಿಗೆ ಐದಾರು ಚಮಚ ಸಕ್ಕರೆ, ಎರಡು ಚಿಟಿಕೆ ಉಪ್ಪು ಹಾಕಿ ಪೂರ್ತಿ ಕರಗಿಸಿ. ಹಣ್ಣನ್ನು ಅಂಗೈಯಡಿ ಒತ್ತಿ ಉರುಳಿಸಿದರೆ ಒಳಗಿನ ಚೀಲಗಳು ಸಡಿಲವಾಗುತ್ತವೆ. ಅಡ್ಡಲಾಗಿ ಕೊಯ್ದು, ಮೇಲಕ್ಕೆ ಕಾಣುವ ಬೀಜ ತೆಗೆದು, ಹೋಳನ್ನು ಬೋರಲು ಹಾಕಿ ಒಮ್ಮೆ ನಿಧಾನವಾಗಿ ಒತ್ತಿ. ಧಾರೆ ಹನಿಗೆ ಇಳಿದಾಗ ಕೈ ಬಿಡಿ. ಏಲಕ್ಕಿ ಪುಡಿ ಬೇಕಿದ್ದರೆ ಹಾಕಿ. ಐಸ್ ಕೊನೆಗೆ. ತಡವಾಗಿ ಬರುವ ನೆಂಟರಿಗೆಂದು ರಸ ಹಿಂಡಿಡುವುದು ಬೇಡ, ಹಣ್ಣನ್ನೇ ಇಟ್ಟಿರಿ. ಹುಳಿ ಮತ್ತು ಕಹಿಯನ್ನು ಬೇರೆಯಾಗಿ ಕಾಪಾಡುವ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುವ ಪಾತ್ರೆ ಯಾರ ಅಡುಗೆಮನೆಯಲ್ಲೂ ಇಲ್ಲ.