ಕಟಕಟೆಯಲ್ಲಿ ನಿಲ್ಲಬೇಕಾದವರು ಯಾರು?

ಮಳೆಗಾಲ ಬಂತೆಂದರೆ ನಿಮಗೆ ಲೋಣಾವಳಾ ನೆನಪಾಗುತ್ತದೆ, ಅಲ್ಲವೇ? ಮಂಜು ಮುಸುಕಿದ ಘಾಟಿ, ಸುಟ್ಟ ಜೋಳದ ತೆನೆ, ಮರಳುವಾಗ ಮನೆಯವರಿಗೊಂದು ಚಿಕ್ಕಿ ಪೊಟ್ಟಣ! ಅದೇ ಲೋಣಾವಳಾದಲ್ಲಿ 2024ರ ಜೂನ್ 30ರಂದು ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ಮಕ್ಕಳೂ ಇದ್ದರು. ಇಂಥ ಸುದ್ದಿ ಕೇಳಿದಾಗ "ದೇವರಿಗೆ ಕಣ್ಣಿಲ್ಲವೇ?" ಎಂಬ ಮಾತು ನಮ್ಮ ಬಾಯಿಂದ ತಾನಾಗಿಯೇ ಹೊರಡುತ್ತದೆ.

ಬ್ರಿಟಿಷ್ ಲೇಖಕ ಸಿ. ಎಸ್. ಲೂಯಿಸ್ 1948ರ ಒಂದು ಪ್ರಬಂಧದಲ್ಲಿ ಈ ಮನೋಭಾವವನ್ನು ಗುರುತಿಸಿದ್ದಾರೆ. ಹಿಂದಿನವರು ದೇವರೆದುರು ತಾವೇ ಆರೋಪಿಗಳಾಗಿ ನಿಲ್ಲುತ್ತಿದ್ದರು. ಇಂದಿನವರು ನ್ಯಾಯಪೀಠವೇರಿ ದೇವರನ್ನೇ ಕಟಕಟೆಗೆ ಕರೆಯುತ್ತಾರೆ ಎಂಬುದು ಅವರ ಅಭಿಪ್ರಾಯ. ಇದು ಸಲ್ಲದು ಎನ್ನುತ್ತದೆ ಕ್ರೈಸ್ತ ಧರ್ಮ. ಏಕೆ?

ಬೈಬಲಿನ ಯೋಬನ ಕಥೆಯನ್ನೇ ನೋಡಿ. ಸಜ್ಜನನಾದ ಯೋಬ ಆಸ್ತಿಯನ್ನೂ ಹತ್ತು ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ. ಇದೆಲ್ಲ ನಿನ್ನ ಪಾಪದ ಫಲವೆಂದರು ಗೆಳೆಯರು. ಯೋಬ ಒಪ್ಪಲಿಲ್ಲ, ದೇವರೊಡನೆಯೇ ವಾದಿಸುತ್ತೇನೆಂದು ಹಟ ಹಿಡಿದ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತನಾಡಿದ. ಕಾರಣ ಮಾತ್ರ ಹೇಳಲಿಲ್ಲ! ಸೃಷ್ಟಿ, ಸಮುದ್ರ, ಮಳೆ, ಕಾಡುಮೃಗಗಳ ಬಗ್ಗೆ ನಿನಗೇನು ಗೊತ್ತೆಂದು ಪ್ರಶ್ನೆಗಳ ಮಳೆಗರೆದ. ತನ್ನ ಅರಿವಿನ ಮಿತಿಯನ್ನು ಕಂಡು ಯೋಬ ಬಾಯಿ ಮುಚ್ಚಿದ. ತೀರ್ಪು ಕೊಡುವವನು ಇಡೀ ಕಡತವನ್ನು ಓದಿರಬೇಕು. ನಮ್ಮ ಕೈಯಲ್ಲಿರುವುದಾದರೋ ಒಂದೇ ಹಾಳೆ.

ಆದರೆ ಒಂದು ಸೂಕ್ಷ್ಮವಿದೆ. ಕಥೆಯ ಕೊನೆಗೆ ದೇವರು ಮುನಿದದ್ದು ಯೋಬನ ಮೇಲಲ್ಲ, ದೇವರ ಪರ ವಕೀಲಿಕೆ ಮಾಡಿದ ಗೆಳೆಯರ ಮೇಲೆ! ಶಿಲುಬೆಯ ಮೇಲೆ ಯೇಸು ಕೂಡ ನನ್ನನ್ನೇಕೆ ಕೈಬಿಟ್ಟೆಯೆಂದು ತಂದೆಯನ್ನು ಕೇಳಿದ್ದುಂಟು. ಅಂದರೆ ಅಳುವುದು, ಕೇಳುವುದು ತಪ್ಪಲ್ಲ. ತೀರ್ಪು ಬರೆದು ಕಡತ ಮುಚ್ಚುವುದು ತಪ್ಪು. ಕ್ರೈಸ್ತರ ನಂಬಿಕೆಯಂತೆ ದೇವರು ಒಮ್ಮೆ ನಿಜವಾಗಿಯೂ ಮನುಷ್ಯನ ನ್ಯಾಯಾಲಯದಲ್ಲಿ, ಪಿಲಾತನೆದುರು, ನಿಂತಿದ್ದ. ಅಂದು ನಾವು ಕೊಟ್ಟ ತೀರ್ಪು ಎಂಥದೆಂದು ನಿಮಗೆ ಗೊತ್ತೇ ಇದೆ.

ಇದನ್ನು ಬದುಕಿ ತೋರಿಸಿದವರೊಬ್ಬರು ನಮ್ಮ ನೆಲದಲ್ಲೇ ಹುಟ್ಟಿದವರು. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದರು. 1870ರ ದಶಕದ ಬರಗಾಲ ತಂದೆ, ತಾಯಿ, ಅಕ್ಕನನ್ನು ಕಸಿದುಕೊಂಡಿತು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ ತೀರಿಕೊಂಡರು. ಕೈಯಲ್ಲಿ ಹಸುಗೂಸು! 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದ ಮೇಲೂ ಪ್ರಶ್ನೆ ಕೇಳುವುದನ್ನು ಅವರು ಬಿಡಲಿಲ್ಲ. ಚರ್ಚಿನ ಹಿರಿಯರೊಡನೆಯೇ ಪತ್ರಗಳಲ್ಲಿ ವಾದಕ್ಕಿಳಿದರು. ಆದರೆ ತನ್ನ ಕುಟುಂಬವನ್ನು ನುಂಗಿದ ಬರಗಾಲಕ್ಕಾಗಿ ದೇವರಿಗೆ ಶಿಕ್ಷೆ ಬರೆಯುತ್ತ ಕೂರಲಿಲ್ಲ. 1896-97ರಲ್ಲಿ ಮತ್ತೆ ಬರ ಬಂದಾಗ ಮಧ್ಯ ಪ್ರಾಂತಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು, ಪುಣೆ ಜಿಲ್ಲೆಯ ಕೇಡಗಾಂವದ ಮುಕ್ತಿ ಸದನದಲ್ಲಿ ಆಶ್ರಯವಿತ್ತರು. 1921ರಲ್ಲಿ ಇದ್ದೊಬ್ಬ ಮಗಳು ಮನೋರಮಾ ಕೂಡ ಕಣ್ಮುಚ್ಚಿದಾಗ, ಬೈಬಲಿನ ಮರಾಠಿ ಅನುವಾದದ ಕೆಲಸವನ್ನು ಕೈಬಿಡದೆ ಮುಂದುವರಿಸಿದರು. 1922ರಲ್ಲಿ ತೀರಿಕೊಂಡರು.

ನೀವು ಯಾವ ಧರ್ಮದವರೇ ಆಗಿರಿ, ಇದನ್ನೆಲ್ಲ ಒಪ್ಪಲೇಬೇಕೆಂದು ನಾನು ಹೇಳುತ್ತಿಲ್ಲ. ದುಃಖದಲ್ಲಿರುವವರೆದುರು ಇದನ್ನು ಉಪದೇಶವಾಗಿ ಒದರಲೂಬೇಡಿ. ಯೋಬನ ಗೆಳೆಯರು ಮಾಡಿದ ತಪ್ಪು ಅದೇ. ಮುಂದಿನ ಸಲ ಲೋಣಾವಳಾದ ಘಾಟಿಯಲ್ಲಿ ರೈಲು ಸುರಂಗ ಹೊಕ್ಕಾಗ ಮಾತ್ರ ಸ್ವಲ್ಪ ಯೋಚಿಸಿ. ಒಳಗಿನ ಕತ್ತಲೆ ನಿಜ. ಆದರೆ ಕಿಟಕಿಯ ಬಳಿ ಕುಳಿತ ನಮಗೆ ಇಡೀ ದಾರಿ ಕಾಣುವುದಿಲ್ಲ ಎಂಬುದೂ ಅಷ್ಟೇ ನಿಜ. ಆ ಕತ್ತಲೆಯಲ್ಲಿ "ದೇವರು ಹೀಗೇಕೆ ಮಾಡಿದ?" ಎಂದು ಕೇಳಿ, ತಪ್ಪಿಲ್ಲ. ಅದರ ಜೊತೆಗೆ "ಪಕ್ಕದಲ್ಲಿ ಅಳುತ್ತಿರುವವರಿಗೆ ನಾನೇನು ಮಾಡಲಿ?" ಎಂದೂ ಕೇಳಿಕೊಳ್ಳಿ. ಅದಕ್ಕೆ ಉತ್ತರ ಕೊಡಬೇಕಾದವರು ನೀವೇ.