ಗಿಡದ ಗಂಟಿಗೆ ಕಾರಣ ಬ್ಯಾಕ್ಟೀರಿಯಾನಾ, ಅದರೊಳಗಿನ ಉಂಗುರಾನಾ?

ಬಿಕಾಂ ಓದಿದ ನನಗೆ ಬ್ಯಾಕ್ಟೀರಿಯಾ ಸಹವಾಸ ಯಾಕೆ ಅಂತೀರಾ? ಇವತ್ತಿನ ಕತೇಲಿರೋ ವ್ಯಾಪಾರ ಬುದ್ಧಿ ನೋಡಿ, ಆಮೇಲೆ ಹೇಳಿ.

ಗುಲಾಬಿ, ಬಾದಾಮಿ, ದ್ರಾಕ್ಷಿ ಗಿಡಗಳ ಬುಡದಲ್ಲಿ ಒಮ್ಮೊಮ್ಮೆ ಗಡ್ಡೆ ಥರ ಗಂಟು ಬೆಳೆಯುತ್ತೆ. ಹೆಸರು ಕ್ರೌನ್ ಗಾಲ್. ಇದನ್ನು ತರೋದು ಆಗ್ರೋಬ್ಯಾಕ್ಟೀರಿಯಂ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾ ಅಂತ 1907ರಲ್ಲೇ ಗೊತ್ತಾಗಿತ್ತು. ಆದರೆ ಅದರ ಒಂದು ತಳಿಯನ್ನ 37 ಡಿಗ್ರಿ ಶಾಖದಲ್ಲಿ ಬೆಳೆಸಿದಾಗ ಅದು ಸಾಧು ಆಗಿಬಿಡ್ತು! ಆರಾಮಾಗಿ ಬದುಕಿತ್ತು, ರೋಗ ಮಾತ್ರ ತರಲಿಲ್ಲ. ಹಾಗಾದ್ರೆ ಅದು ಕಳ್ಕೊಂಡಿದ್ದೇನು?

ಉತ್ತರದ ಸುಳಿವು 1974ರಲ್ಲಿ ಬೆಲ್ಜಿಯಂನ ಗೆಂಟ್‌ನಿಂದ ಬಂತು. ಜೆಫ್ ಶೆಲ್, ಮಾರ್ಕ್ ವಾನ್ ಮೊಂಟಾಗು ತಂಡಕ್ಕೆ ರೋಗ ತರೋ ತಳಿಗಳಲ್ಲಿ ಒಂದು ದೊಡ್ಡ ಪ್ಲಾಸ್ಮಿಡ್ ಸಿಕ್ಕಿತು. ಪ್ಲಾಸ್ಮಿಡ್ ಅಂದ್ರೆ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರೋ ಉಂಗುರದಂಥ ಡಿಎನ್‌ಎ. ಮೆಮೊರಿ ಕಾರ್ಡ್ ಅಂದ್ಕೊಳ್ಳಿ: ತೆಗೆದರೂ ಫೋನ್ ನಡೆಯುತ್ತೆ, ಇನ್ನೊಂದು ಫೋನ್‌ಗೂ ಹಾಕಬಹುದು. 1977ರಲ್ಲಿ ಅಮೆರಿಕದ ಮೇರಿ-ಡೆಲ್ ಚಿಲ್ಟನ್ ತಂಡ ಆ ಉಂಗುರದ ಒಂದು ತುಂಡು ಗಿಡದ ಜೀವಕೋಶದೊಳಗೇ ಹೋಗಿ ಕೂತಿರೋದನ್ನ ತೋರಿಸಿತು.

ಆ ತುಂಡು ಮಾಡೋದು ಎರಡು ಕೆಲಸ. ಒಂದು, ಹಾರ್ಮೋನ್ ತಯಾರಿಸಿ ಕೋಶಗಳನ್ನ ಲಂಗುಲಗಾಮಿಲ್ಲದೆ ಬೆಳೆಸೋದು. ಇನ್ನೊಂದು, ಓಪೈನ್ ಅನ್ನೋ ಆಹಾರ ಮಾಡಿಸೋದು. ಗಿಡಕ್ಕೆ ಇದು ಪ್ರಯೋಜನವಿಲ್ಲ. ತಿನ್ನೋ ಜೀನ್ ಇರೋದೂ ಅದೇ ಪ್ಲಾಸ್ಮಿಡ್‌ನಲ್ಲಿ. ಫ್ಯಾಕ್ಟರಿ ನಿಂದು, ಕಚ್ಚಾಮಾಲು ನಿಂದು, ಲಾಭ ನಂದು!

(ಇದೇ ದಾರೀಲಿ ನಮಗೆ ಬೇಕಾದ ಜೀನನ್ನೂ ಗಿಡಕ್ಕೆ ಸೇರಿಸಬಹುದು. ಬಿಟಿ ಹತ್ತಿ ಹಾಗೇ ಹುಟ್ಟಿದ್ದು. ಅದು ಬೇರೆ ಎಪಿಸೋಡ್.)

ತಡೆಯೋದು ಹೇಗೆ? ಆಸ್ಟ್ರೇಲಿಯಾದ ಅಲನ್ ಕೆರ್, ಕೆ84 ಅನ್ನೋ ನಿರುಪದ್ರವಿ ತಳಿಯನ್ನ ಬಳಕೆಗೆ ತಂದರು. ನೆಡೋ ಮೊದಲು ಸಸಿಯ ಬೇರನ್ನ ಅದರ ದ್ರಾವಣದಲ್ಲಿ ಅದ್ದಬೇಕು. ಅದು ಬಿಡೋ ವಿಷ ಶತ್ರುವಿನೊಳಗೆ ನುಗ್ಗೋದು ಓಪೈನ್ ಒಳಗೆ ತಗೊಳ್ಳೋ ಬಾಗಿಲಿಂದಲೇ! ಆದರೆ ಆ ವಿಷದ ಜೀನೂ, ಅದರಿಂದ ಪಾರಾಗೋ ಜೀನೂ ಇರೋದು ಇನ್ನೊಂದು ಪ್ಲಾಸ್ಮಿಡ್‌ನಲ್ಲಿ. ಅದು ಶತ್ರುವಿನ ಕೈಗೆ ಸಿಕ್ಕಿದ್ರೆ ಔಷಧಿ ಕತೆ ಮುಗೀತು. ಅದಕ್ಕೇ, ಪ್ಲಾಸ್ಮಿಡ್ ದಾಟೋಕೆ ಬೇಕಾದ ಭಾಗ ಕತ್ತರಿಸಿ ಕೆ1026 ತಯಾರಿಸಿದರು.

ದ್ರಾಕ್ಷಿಯ ಗಂಟಿಗೆ ಮಾತ್ರ ಇವೆರಡೂ ಕೈಕೊಡ್ತವೆ. ಅಲ್ಲಿ ಈಗಲೂ ರೋಗವಿಲ್ಲದ ಸಸಿ ಹುಡುಕಿ ನೆಡೋದೇ ಮುಖ್ಯ.